ಹಿಂದಿನ ಕುರ್ಚಿಯ ಹುಡುಗ

"ಇನ್ಮೇಲೆ ನಾನು ಮಾತಾಡಲ್ಲ. ನೀವು ಏನ್ ಕೇಳಿದ್ರೂ ಉತ್ತರ ಕೊಡಲ್ಲ. ದಯವಿಟ್ಟು ಬೇಜಾರ್ ಮಾಡ್ಕೋಬೇಡಿ..."

ಪರಿಚಯವಾಗಿ ಐದು ನಿಮಿಷವೂ ಕಳೆಯದ ಹುಡುಗನೊಬ್ಬ ಹೀಗೆ ಹೇಳಿಬಿಟ್ಟರೆ ಯಾರಿಗಾದರೂ ಏನೆನಿಸಬೇಕು?

ಗಂಗಾದೇವಿ ಕಣ್ಣೆತ್ತಿ ನೋಡಿದಳು. ತೆಳ್ಳನೆಯ ಮುಖ, ಕ್ಷೌರ ಕಾಣದ ಗಲ್ಲ, ಮೊಣಕೈವರೆಗೆ ಮಡಚಿದ ಅಂಗಿ. ಕಣ್ಣುಗಳಲ್ಲಿ ಮಾತ್ರ ಫಲಿತಾಂಶಕ್ಕೆ ಕಾದವನ ಹೆದರಿಕೆಯಿತ್ತು.

'ಪರೀಕ್ಷೆ ನನಗೋ... ಇವನಿಗೋ?'

"ಆದ್ರೆ ನೀವು ಮಾತ್ರ ಸುಮ್ನಿರಬಾರ್ದು," ಎಂದ ಪ್ರದ್ಯುಮ್ನ. "ಆಡ್ತಾ ಆಡ್ತಾ ಮನಸ್ಸಿಗೆ ಬಂದಿದ್ದನ್ನೆಲ್ಲ ಜೋರಾಗಿ ಹೇಳ್ಬೇಕು. ಸಿಟ್ಟು ಬಂದ್ರೆ ಬೈಯ್ರಿ. ಬೇಜಾರಾದ್ರೆ ಬೇಜಾರು ಅನ್ನಿ. ನಾನು ಹಿಂದೆ ಕೂತು ಕೇಳಿಸ್ಕೊಳ್ತಿರ್ತೀನಿ, ರೆಕಾರ್ಡೂ ಆಗ್ತಿರತ್ತೆ. ಆಟ ಎಲ್ಲಿ ಸೋತಿದೆ ಅಂತ ನಮಗೆ ಗೊತ್ತಾಗೋದು ಹಾಗೇ."

ಮನಸ್ಸಿಗೆ ಬಂದಿದ್ದನ್ನೆಲ್ಲ ಹೇಳುವುದೇ? ಅದೂ ಜೋರಾಗಿ!

ಬಸ್ಸಿನಲ್ಲಿ "ಇಳೀಬೇಕು" ಎನ್ನಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಹುಡುಗಿ ಅವಳು. ಗದಗಿನ ಕಡೆಯವಳು. ಡಿಗ್ರಿ ಮುಗಿಸಿ, ಬಾಗಲಗುಂಟೆಯಲ್ಲಿ ಅಣ್ಣ ವಿರೂಪಾಕ್ಷನ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದಳು. ಮೊದಲ ಸಂದರ್ಶನದಲ್ಲಿ "ಹೌದ್ರೀ, ನಂಗ ಬರ್ತೈತಿ" ಎಂದಾಗ ಎದುರಿಗೆ ಕೂತವರಿಬ್ಬರು ಮುಖ ಮುಖ ನೋಡಿಕೊಂಡು ನಕ್ಕಿದ್ದರು. ಅಂದಿನಿಂದ ಪ್ರತಿ ಮಾತನ್ನೂ ಒಳಗೊಳಗೇ ಬೆಂಗಳೂರಿನ ಕನ್ನಡಕ್ಕೆ ತಿರುಗಿಸಿಯೇ ಆಡುತ್ತಿದ್ದಳು. ತಿರುಗಿಸಿ ಮುಗಿಯುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು...

ಅವಳನ್ನು ಇಲ್ಲಿಗೆ ಎಳೆದು ತಂದವಳು ಪಕ್ಕದ ಮನೆಯ ಕುಬ್ರಾ. ಯಲಹಂಕದ ಬೇಕರಿಯೊಂದರ ಮೇಲಿನ ಈ ಪುಟ್ಟ ಕಂಪನಿಯಲ್ಲಿ ವಿಡಿಯೋ ಗೇಮ್‌ಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. "ಗೇಮ್ ಅಂದ್ರೆ ಏನಂತಲೇ ಗೊತ್ತಿಲ್ದೇ ಇರೋರು ಬೇಕಂತೆ ಕಣೇ. ನಿನ್ನಷ್ಟು ಗೊತ್ತಿಲ್ದೇ ಇರೋರು ಇನ್ಯಾರಿದಾರೆ, ಬಾ!" ಎಂದಿದ್ದಳು.

ಪರದೆ ಬೆಳಗಿತು. ಗುಂಪಿನಿಂದ ತಪ್ಪಿಸಿಕೊಂಡ ಹೆಜ್ಜಾರ್ಲೆ ಹಕ್ಕಿಯ ಮರಿಯೊಂದು ನೀರಿನ ಟ್ಯಾಂಕಿನ ಮೇಲೆ ಕೂತಿತ್ತು. ಕೆಳಗೆ ಫ್ಲೈಓವರು, ತಾರಸಿಗಳು, ಒಣಗಿದ ಕೆರೆಗಳು. ಮರಿ ತನ್ನವರನ್ನು ಹುಡುಕಬೇಕು. ಅಷ್ಟೇ ಆಟ.

"ಈಗ... ನಾನು... ಎಲ್ಲಿಗೆ ಹೋಗ್ಬೇಕು?" ಎಂದು ತಿರುಗಿದಳು.

ಆ ಆಟ ಕಟ್ಟುತ್ತಿದ್ದ ಪ್ರದ್ಯುಮ್ನ ತುಟಿ ಬಿಗಿಹಿಡಿದು ಸೂರು ನೋಡಿದ.

ಸ್ವಲ್ಪ ಹೊತ್ತು ಸುಮ್ಮನೆ ಹಾರಾಡಿಸಿದಳು. ಅಷ್ಟರಲ್ಲಿ ಎಲ್ಲಿಂದಲೋ ಕಾಗೆಯೊಂದು ಬಂದು, ಮರಿ ಆಗಷ್ಟೇ ಹಿಡಿದ ಮೀನನ್ನು ಅದರ ಬಾಯಿಂದ ಕಸಿದುಕೊಂಡು ಹೋಯಿತು ನೋಡಿ!

"ಎಲಾ ಇದರ! ಹಸದ ಕೂಸಿನ ಬಾಯಾಗಿಂದ ಕಸಗೊಂಡು ಹೊಕ್ಕೈತಲ್ಲ! ಯಾವನಲೇ ಈ ಕಾಗಿ ಬಿಟ್ಟಾಂವ? ಅವನ ಕೈ ಸೇದಿ ಹೋಗ್ಲಿ!"

ಹಿಂದಿನಿಂದ ನಗುವನ್ನು ಕೆಮ್ಮಾಗಿಸಿಕೊಂಡ ಸದ್ದು. ಗಂಗಾ ನಾಲಿಗೆ ಕಚ್ಚಿಕೊಂಡಳು. ಆದರೆ ಆ ಕೆಮ್ಮಿನಲ್ಲಿ ಸಂದರ್ಶನದವರ ನಗುವಿರಲಿಲ್ಲ. ಅದು ಹೇಗೋ ಅವಳಿಗೆ ಗೊತ್ತಾಯಿತು.

ಮತ್ತೆ ಶನಿವಾರ ಬರಲು ಹೇಳಿದ. ಅದರ ಮುಂದಿನ ಶನಿವಾರವೂ...

ಗಂಗಮ್ಮ ಸರ್ಕಲ್‌ನಲ್ಲಿ ಬಸ್ಸು ಬದಲಿಸುವಾಗಲೇ ಅವಳ ಮೈ ಹಗುರಾಗುತ್ತಿತ್ತು. ಇಡೀ ಬೆಂಗಳೂರಿನಲ್ಲಿ ಅವಳು ತನ್ನ ನಾಲಿಗೆಯಲ್ಲೇ ಮಾತಾಡುತ್ತಿದ್ದ ಜಾಗ ಆ ಕೋಣೆಯೊಂದೇ. ಬೆನ್ನ ಹಿಂದೆ ಒಬ್ಬ ಮಾತಿಲ್ಲದೆ ಕೂತಿರುತ್ತಿದ್ದ. ಆ ಮೌನವನ್ನು ಅವಳು ಓದಲು ಕಲಿತಳು. ಕುರ್ಚಿ ಕಿರುಗುಟ್ಟಿದರೆ ಚಡಪಡಿಸುತ್ತಿದ್ದಾನೆ. ಪೆನ್ನಿನ ಟಕಟಕ ನಿಂತರೆ ಏನೋ ಖುಷಿಯಾಗಿದೆ. ಉಸಿರೇ ಕೇಳದಿದ್ದರೆ... ತನ್ನನ್ನೇ ನೋಡುತ್ತಿದ್ದಾನೆ!

'ಛೀ, ಏನ್ ಹುಚ್ಚಿ ನಾನು! ಅವರು ನೋಡೂದು ಆಟಾನ.'

ಕೋಣೆಯಿಂದ ಹೊರಬಿದ್ದೊಡನೆ ಎಲ್ಲವೂ ತಿರುಗುಮುರುಗು. ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು, ಅವಳದು ಮುಚ್ಚಿಕೊಳ್ಳುತ್ತಿತ್ತು.

ಕೆಳಗಿನ ಬೇಕರಿಯಲ್ಲಿ ಒಮ್ಮೆ ದಿಲ್‌ಪಸಂದ್ ಮುಂದಿಟ್ಟು ಕೇಳಿದ, "ಗಂಗಾ, ನಿಮ್ ಪ್ರಕಾರ ಒಳ್ಳೇ ಆಟ ಅಂದ್ರೇನು?"

ಉತ್ತರ ಅವಳ ಗಂಟಲಲ್ಲೇ ಇತ್ತು. ಬೆಂಗಳೂರಿನ ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಜಾರಿಹೋಯಿತು. "ಗೊತ್ತಿಲ್ಲ," ಎಂದಳು.

"ನಮ್ ಬಾಸ್ ಅಶ್ವತ್ಥ್ ಸಾರ್ ಪ್ರಕಾರ ಗಳಿಗೆಗೊಂದು ಬಹುಮಾನ, ಹೆಜ್ಜೆಗೊಂದು ಬಾಣದ ಗುರುತು ಇರ್ಬೇಕು. ನಂಗೆ ಹಾಗನ್ಸಲ್ಲ. ಆಡೋರಿಗೆ ಏನನ್ನೂ ಹೇಳಿಕೊಡ್ಬಾರ್ದು. ಅವರೇ ಕಂಡ್ಕೋಬೇಕು. ಹಾಗೆ ಕಂಡ್ಕೊಂಡಿದ್ದು ಮಾತ್ರ ಅವರದಾಗತ್ತೆ..."

ಹಾಗೆನ್ನುತ್ತಾ ಅವಳ ಕಣ್ಣುಗಳನ್ನೇ ನೋಡಿದ. ಅವಳು ದಿಲ್‌ಪಸಂದ್ ನೋಡಿದಳು.

'ಏನು ಕಂಡ್ಕೋಬೇಕು? ಇಂವ ಏನರ ಹೇಳಾಕತ್ತಾನೋ, ಬರೇ ಆಟದ ಮಾತೋ?'

ಆಟದ ಕೊನೆಯ ಭಾಗಕ್ಕೆ ಅವಳು ಬಂದದ್ದು ಒಂದು ಮೋಡದ ಮಧ್ಯಾಹ್ನ. ಮರಿ ಬತ್ತಿದ ಕೆರೆಯ ಮೇಲೆ ಹಾರುತ್ತಿತ್ತು. ಬಟನ್ ಒತ್ತಿದರೆ ಕೂಗುತ್ತಿತ್ತು. ಎಲ್ಲಿಂದಲೂ ಮಾರುತ್ತರವಿಲ್ಲ. ಆ ಕೂಗಿಗೆ ಆಟದಲ್ಲಿ ಕೆಲಸವೇ ಇರಲಿಲ್ಲ. ಯಾವಾಗಲೋ ಮಾಡಿಟ್ಟು, ತೆಗೆಯಲು ಮರೆತಿದ್ದರು. ಅದು ಗಂಗಾಳಿಗೇನು ಗೊತ್ತು?

ಕೂಗಿದಳು. ಮತ್ತೆ ಕೂಗಿದಳು.

"ಯಾರೂ ಓ ಅನ್ನವಲ್ಲರು... ಇರ್ಲಿ, ಇನ್ನೊಮ್ಮೆ ಕೂಗೂಣು. ಕೂಗದಿದ್ರ ನಾ ಇಲ್ಲಿ ಅದೇನಿ ಅಂತ ಯಾರಿಗೆ ಗೊತ್ತಾಗಬೇಕು?" ಅವಳ ದನಿ ಸಣ್ಣಗಾಯಿತು. "ಇಷ್ಟ ದೊಡ್ಡ ಊರಾಗ ಒಬ್ಬರರ ಕೇಳಿಸ್ಕೊಳ್ಳಾಕತ್ತಿರ್ತಾರ..."

ಹಿಂದೆ ಉಸಿರಿನ ಸದ್ದೂ ಇರಲಿಲ್ಲ. ತಿರುಗಿ ನೋಡಿದಳು. ಪ್ರದ್ಯುಮ್ನನ ಕಣ್ಣು ತುಂಬಿದ್ದವು! ಅವನು ಥಟ್ಟನೆ ಎದ್ದು ಹೊರಗೆ ಹೋಗಿಬಿಟ್ಟ.

ಮುಂದಿನ ಶನಿವಾರ ಅವಳು ಬೇಗನೆ ಹೋದಳು. 'ಇವತ್ತ ಕೇಳಬೇಕು. ಯಾಕ ಎದ್ದು ಹೋದ್ರಿ ಅಂತ ಕೇಳ್ಯಾ ಬಿಡಬೇಕು!'

ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ತನ್ನದೇ ದನಿ ಕೇಳಿಸಿತು. "ಯಾವನಲೇ ಈ ಕಾಗಿ ಬಿಟ್ಟಾಂವ..." ಧ್ವನಿಮುದ್ರಣ! ಹಿಂದೆಯೇ ಇಡೀ ಕೋಣೆ ಗೊಳ್ಳೆಂದು ನಕ್ಕಿತು.

ಗಂಗಾ ಗೋಡೆ ಹಿಡಿದು ನಿಂತಳು.

ನಗು ಇಳಿದ ಮೇಲೆ ಪ್ರದ್ಯುಮ್ನನ ದನಿ. ಗಂಭೀರ, ಸ್ಪಷ್ಟ. "ಇನ್ಮುಂದೆ ಇವರನ್ನ ಕೂರಿಸೋದು ಬೇಡ ಸಾರ್. ಬೇರೆ ಯಾರನ್ನಾದ್ರೂ ನೋಡೋಣ."

ಬಂದ ಮೆಟ್ಟಿಲನ್ನೇ ಇಳಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳಿಗೆ ಬಾಗಲಗುಂಟೆ ಬಂದದ್ದೇ ತಿಳಿಯಲಿಲ್ಲ.

ಅಳು ಬಂದದ್ದು ಅವರು ನಕ್ಕಿದ್ದಕ್ಕಲ್ಲ... ಅವನೂ ಅಲ್ಲೇ ಇದ್ದನಲ್ಲ, ಅದಕ್ಕೆ.

ದಿನಗಳು ಹೋದವು. "ಆರಾಮಿಲ್ಲ" ಎಂದು ಕುಬ್ರಾಳಿಂದ ತಪ್ಪಿಸಿಕೊಂಡಳು. ಅವನಿಂದ ಒಂದೇ ಒಂದು ಮೆಸೇಜು ಬಂತು. "ಹೇಗಿದ್ದೀರಿ?" ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು... ಕಳಿಸಲೇ ಇಲ್ಲ. ಅವನೂ ಮತ್ತೆ ಕೇಳಲಿಲ್ಲ.

ಆದರೂ ಶನಿವಾರ ಬಂದರೆ ಕಿವಿ ತಾನಾಗಿ ನಿಮಿರುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಏನಾದರೂ ಗೊಣಗಿಕೊಂಡರೆ, ಬೆನ್ನ ಹಿಂದೆ ಯಾರೋ ಕೂತು ಕೇಳುತ್ತಿದ್ದಾರೆ ಎನಿಸಿ ತಿರುಗಿ ನೋಡುತ್ತಿದ್ದಳು. ಅಲ್ಲಿ ಹಿಟ್ಟಿನ ಡಬ್ಬಿ ಇರುತ್ತಿತ್ತು.

ಕೆಟ್ಟ ಕನಸಿನಿಂದ ಎದ್ದರೆ ಮರೆಯಬಹುದು. ಒಳ್ಳೆಯದರಿಂದ ಎದ್ದವರು ಏನು ಮಾಡಬೇಕು?

ಕೊನೆಗೆ ಊರಿನ ಸೊಸೈಟಿಯಲ್ಲಿ ಒಂದು ಕೆಲಸವಿದೆಯೆಂದು ಅವ್ವ ಫೋನು ಮಾಡಿದಾಗ ಗಂಗಾ ಹೂಂ ಎಂದುಬಿಟ್ಟಳು. ಸೋಮವಾರ ಗದಗಿನ ರೈಲು. ಬೆಂಗಳೂರಿನ ಸಹವಾಸ ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಕುಬ್ರಾ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿತ್ತು.

"ಏನೇ, ಹೇಳ್ದೇ ಕೇಳ್ದೇ ಓಡ್ಹೋಗ್ತಿದೀಯಾ? ನಿಮ್ ಅಣ್ಣ ಹೇಳ್ಬೇಕಾಯ್ತು ನಂಗೆ!"

"ಇಲ್ಲಿ ಯಾರಿಗೆ ಬೇಕಾಗೇನಿ ನಾನು? ನನ್ನ ಮಾತು ಹಚ್ಚಿ ಎಲ್ಲಾರೂ ನಕ್ರಲ್ಲ... ನಾ ಕೇಳೇನಿ ಕುಬ್ರಾ."

"ಅಯ್ಯೋ ದಡ್ಡಿ! ಆ ಕಾಗೆ ಮಾಡಿದ್ದು ಅಶ್ವತ್ಥ್ ಸಾರ್ ಕಣೇ! ಅವನ ಕೈ ಸೇದಿ ಹೋಗ್ಲಿ ಅಂದ್ಯಲ್ಲ, ಎಲ್ರೂ ಅವರ ಕೈ ನೋಡಿ ನಕ್ಕಿದ್ದು. ಪಾಪ, ಅವರೂ ನಕ್ರು!"

ಗಂಗಾ ಕಣ್ಣು ಮಿಟುಕಿಸಿದಳು. "ಮತ್ತ... ಇವರನ್ನ ಕೂರಿಸೋದು ಬೇಡ ಅಂದದ್ದು? ಅದನ್ನೂ ಸಾರ್‌ಗ ಅಂದದ್ದೇನು?"

ಕುಬ್ರಾ ಅವಳ ತೋಳು ಹಿಡಿದಳು. "ನಮ್ಮಲ್ಲಿ ಒಬ್ರನ್ನ ಒಂದೇ ಸಲ ಕೂರಿಸೋದು. ಎರಡನೇ ಸಲಕ್ಕೆ ಅವರಿಗೆ ಆಟ ಗೊತ್ತಾಗಿಬಿಟ್ಟಿರತ್ತೆ, ಪ್ರಯೋಜನ ಇಲ್ಲ. ನಿನ್ನ ಎಷ್ಟು ಶನಿವಾರ ಕರೆಸಿದ ಅವನು? ಯಾಕೆ ಕರೆಸಿದ? ಯಾಕೆ ಬೇಡ ಅಂದ? ನಾನ್ ಹೇಳಲ್ಲ. ಚಪ್ಪಲಿ ಹಾಕ್ಕೋ!"

ಆರ್.ಟಿ. ನಗರದ ಸಮುದಾಯ ಭವನದಲ್ಲಿ ಅಂದು ಸಣ್ಣಪುಟ್ಟ ತಂಡಗಳ ಆಟಗಳನ್ನು ಯಾರು ಬೇಕಾದರೂ ಬಂದು ಆಡಿನೋಡಬಹುದಿತ್ತು. ಸಾಲು ಪರದೆಗಳು, ಗಲಾಟೆ, ಕೇಕೆ. ಮೂಲೆಯ ಪರದೆಯ ಮುಂದೆ, ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡ ಹೆಂಗಸೊಬ್ಬರು ಹೆಜ್ಜಾರ್ಲೆಯನ್ನು ಹಾರಿಸುತ್ತಿದ್ದರು.

ಅವರ ಹಿಂದಿನ ಕುರ್ಚಿಯಲ್ಲಿ... ಅವನು. ಬಡಕಲಾಗಿದ್ದ.

ಅದೇ ಬತ್ತಿದ ಕೆರೆ. ಹೆಂಗಸು ಬಟನ್ ಒತ್ತಿದರು. ಮರಿ ಕೂಗಿತು. ಏನೂ ಇಲ್ಲ. ಮತ್ತೆ ಕೂಗಿತು. ಏನೂ ಇಲ್ಲ. ಹೆಂಗಸು ಸೋತು ಕೈ ತೆಗೆಯಬೇಕೆನ್ನುವಾಗ... ಬಹಳ ದೂರದಿಂದ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಇನ್ನೊಂದು ಕೂಗು!

"ಹಾ! ಇದಾರೆ, ಇದಾರೆ!" ಹೆಂಗಸು ಎದೆ ಮೇಲೆ ಕೈಯಿಟ್ಟುಕೊಂಡರು.

ಗಂಗಾ ಪರದೆಯ ಹತ್ತಿರ ಬಂದಳು. ತಾನು ಆಡುವಾಗ ಆ ಉತ್ತರ ಇರಲಿಲ್ಲ. ಆಮೇಲೆ ಸೇರಿಸಿದ್ದಾನೆ.

ಪ್ರದ್ಯುಮ್ನ ತಿರುಗಿದ. ಅವಳನ್ನು ಕಂಡ. ಎದ್ದೇಬಿಟ್ಟ. ಬಾಯಿ ತೆರೆದ... ಮುಂದೆ ಆಡುತ್ತಿದ್ದ ಹೆಂಗಸನ್ನು ನೋಡಿ ಹಾಗೆಯೇ ಮುಚ್ಚಿಕೊಂಡ. ಆಟ ಮುಗಿಯುವವರೆಗೆ ಮಾತಾಡುವಂತಿಲ್ಲ!

"ನಾಳೆ ಊರಿಗೆ ಹೊಂಟೇನಿ," ಎಂದಳು ಗಂಗಾ ಮೆಲ್ಲಗೆ.

ಅವನ ಮುಖ ಬಿಳಿಚಿತು. ಸ್ವಲ್ಪ ತಾಳಿ ಎಂಬಂತೆ ಕೈ ಎತ್ತಿದ.

ಎಷ್ಟು ದಿನದ್ದು ಒಳಗೆ ಕಟ್ಟಿಕೊಂಡಿತ್ತೋ! ಮಾತನ್ನು ಬೆಂಗಳೂರಿನ ಕನ್ನಡಕ್ಕೆ ತಿರುಗಿಸಲು ಅವಳಿಗೆ ಪುರುಸೊತ್ತಾಗಲಿಲ್ಲ.

"ಈಗೂ ಮಾತಾಡಂಗಿಲ್ಲೇನ್ರೀ? ಎಲ್ಲಾ ನಾವ ಕಂಡ್ಕೋಬೇಕೇನು? ಅವತ್ತ ಕಣ್ಣಾಗ ನೀರು ತಂದ್ಕೊಂಡು ಎದ್ದು ಹೋದ್ರಿ. ಮರುವಾರ ಬ್ಯಾಡ ಅಂದ್ರಿ. ಯಾಕ ಅಂತ ಒಂದ ಮಾತು ಹೇಳಾಕ ಏನ್ ಧಾಡಿಯಾಗಿತ್ತು? ನಿಮ್ಮ ಆಟದಾಗರ ಕೂಗಿದ್ರ ಒಬ್ರು ಓ ಅಂತಾರ. ನೀವು... ನೀವು ಮನಷ್ಯಾರಲ್ಲೇನು?"

"ನಿಮ್ಮನ್ನ ಕೂರಿಸ್ಕೊಂಡ್ರೆ ನಾನು ಆಟ ನೋಡ್ತಾನೇ ಇರ್ಲಿಲ್ಲ ಗಂಗಾ!"

ಹೇಳಿಯೇಬಿಟ್ಟ. ಜೋರಾಗಿ. ಪಕ್ಕದ ಸಾಲಿನವರೂ ತಿರುಗಿದರು.

"ನೀವು ನಕ್ಕ ಜಾಗ ಎಲ್ಲ ಚೆನ್ನಾಗಿದೆ ಅನ್ಸೋದು. ನೀವು ಮುಖ ಸಿಂಡರಿಸಿದ್ದನ್ನೆಲ್ಲ ಕಿತ್ತು ಬಿಸಾಕ್ತಿದ್ದೆ. ನಾನು ಆಟ ಮಾಡೋದು ಬಿಟ್ಟು ನಿಮ್ಮನ್ನ ಮೆಚ್ಚಿಸೋಕೆ ಕೂತಿದ್ದೆ. ಅದಕ್ಕೇ ಬೇಡ ಅಂದೆ. ಆಮೇಲೆ ಹೊರಗೆ, ಈ ಕೆಲಸದ ಹಂಗಿಲ್ದೇ ಮಾತಾಡ್ಬೇಕು ಅಂತಿದ್ದೆ... ನೀವು ಬರ್ಲೇ ಇಲ್ಲ. ನಾನಾಗಿ ಕರೆದ್ರೆ ಬಲವಂತ ಆಗತ್ತೇನೋ, ನಿಮಗೇ ಅನ್ಸಿ ಬರ್ಲಿ ಅಂತ ಕೂತೆ. ತಪ್ಪಾಯ್ತು. ನಿಮ್ ದನಿ ಕೇಳ್ದೇ ನಂಗೆ... ಪ್ರೀತಿಸ್ತೀನಿ ರೀ. ನಿಮ್ಮನ್ನೇ."

ತರಕಾರಿ ಚೀಲದ ಹೆಂಗಸು ಗಾಬರಿಯಿಂದ ತಿರುಗಿದರು. "ನನ್ಗಾ ಹೇಳಿದ್ದು? ಅಯ್ಯೋ, ನನ್ಗೆ ಮೊಮ್ಮಗು ಇದೆ ಕಣಪ್ಪಾ!"

ಕುಬ್ರಾ ಗೋಡೆಗೆ ಒರಗಿ ನಕ್ಕಳು. ಗಂಗಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನನಗ ಹೇಳ್ಯಾರ್ರಿ ಅಮ್ಮಾ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನೀವು ಆಡ್ರಿ."

ಭವನದ ಹೊರಗೆ ಬಿಸಿಲು ಚೆಲ್ಲಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಇಬ್ಬರ ನಡುವೆ ಪರದೆಯೂ ಇರಲಿಲ್ಲ, ಬೆನ್ನೂ ಇರಲಿಲ್ಲ. ಎದುರೆದುರು ಮುಖ ನೋಡಲು ಇಬ್ಬರಿಗೂ ನಾಚಿಕೆ!

"ನಾಳೆ... ಹೋಗ್ಲೇಬೇಕಾ?"

"ಹೋಗ್ತೇನಿ," ಎಂದಳು. ಅವನ ಮುಖ ಬಾಡುವುದನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ತಡೆಯಲಾಗದೆ, "ಅವ್ವಗ ಹೇಳಿ, ಹೊಳ್ಳಿ ಬರಾಕ."

ಅವನು ಉಸಿರು ಬಿಟ್ಟ. ತುಸು ಹತ್ತಿರ ಸರಿದ.

"ಅಲ್ಲಾ... ನಾನು ಹೇಳಾಯ್ತು. ನೀವಿನ್ನೂ ಹೇಳಿಲ್ಲ. ನಿಮ್ ಕಡೆ ಇದನ್ನ ಹೆಂಗೆ ಹೇಳ್ತಾರೆ?"

"ನಮ್ ಕಡೆ ಅದನ್ನ ಬಾಯಿಬಿಟ್ಟು ಹೇಳಂಗಿಲ್ರಿ."

"ಮತ್ತೆ?"

ಗಂಗಾ ಅವನ ಬಡಕಲಾದ ಮುಖ ನೋಡಿದಳು. ಆ ಮಡಚಿದ ತೋಳು, ಆ ಬಾಡಿದ ಗಲ್ಲ. ನೋಡುತ್ತಾ ನೋಡುತ್ತಾ ಅವಳ ಬಾಯಿಂದ ಬಹುವಚನ ತಾನಾಗಿಯೇ ಉದುರಿಹೋಯಿತು.

"ಉಂಡೀಯೇನು?"

ಪ್ರದ್ಯುಮ್ನನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವನ ಕಣ್ಣು ಮತ್ತೆ ತುಂಬಿಕೊಂಡವು. ಈ ಸಲ ಅವನು ಎದ್ದು ಹೋಗಲಿಲ್ಲ.

"ಇಲ್ಲ ಕಣೇ..." ಎಂದ. "ನೀನು?"