ಕಡೇಗದ್ದೆಯ ಮೊದಲ ನೀರು

ಮಳೆರಾಯನಿಗೆ ಪ್ರತಿ ಮನೆಯ ಹೆಸರೂ ಗೊತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಮರಡಿಪುರ ಅಂತ ಒಂದು ರಾಜ್ಯ. ರಾಜ್ಯಕ್ಕೊಂದು ಬೆಟ್ಟ, ಬೆಟ್ಟದ ಬುಡದಲ್ಲೊಂದು ಕೆರೆ, ಕೆರೆ ಏರಿಯ ಕೆಳಗೆ ಗದ್ದೆಗಳ ಸಾಲು. ಅರಮನೆಯೂ ಇತ್ತು, ಅದಿಲ್ಲದಿದ್ದರೆ ರಾಜ್ಯ ಅಂತ ಯಾರು ಕರೀತಾರೆ? ಆದರೆ ನಿಮ್ಮೂರಿನ ವಿಶೇಷ ಏನು ಅಂತ ಕೇಳಿದರೆ ಮರಡಿಪುರದವರು ಅರಮನೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ನಮ್ಮಲ್ಲಿ ಹೂಳುವಾರ ಇದೆ" ಅನ್ನುತ್ತಿದ್ದರು.

ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ, ಮಳೆಗಾಲದಲ್ಲಿ ನೀರು ಹೊತ್ತು ತಂದ ನುಣುಪು ಮಣ್ಣು ತಳದಲ್ಲಿ ಕಾಣುತ್ತಿತ್ತು. ಅದೇ ಹೂಳು. ಆ ವಾರ ಊರಿನ ಮಕ್ಕಳೆಲ್ಲ ಕೆರೆಗಿಳಿಯಬೇಕು. ಕುಂಬಾರರ ಮಕ್ಕಳು, ಗೌಡರ ಮಕ್ಕಳು, ಅರಮನೆಯ ಮಕ್ಕಳು, ಯಾರಿಗೂ ರಿಯಾಯಿತಿ ಇರಲಿಲ್ಲ. ಕೆರೆಯಂಗಳದಿಂದ ಕೊನೆಯ ಗದ್ದೆಯವರೆಗೆ ಸಾಲಾಗಿ ನಿಂತು, "ಬುಟ್ಟಿ ಬಂತು, ಕೈ ಕೊಡಿ" ಅಂತ ಕೂಗುತ್ತ ಹೂಳಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೆರೆಯ ಹೊಟ್ಟೆ ಹಗುರಾಗುತ್ತಿತ್ತು, ಗದ್ದೆಯ ಹೊಟ್ಟೆ ತುಂಬುತ್ತಿತ್ತು. ಈ ಕತೆ ಹೇಳುವಾಗೆಲ್ಲ ಬಿಸಿಲಿಗೆ ಅರ್ಧ ಒಣಗಿದ ಹೂಳಿನ ವಾಸನೆ ನನ್ನ ಮೂಗಿಗೆ ಬರುತ್ತದೆ. ಅಂಥ ವಾಸನೆ ಈಗ ಎಲ್ಲೂ ಸಿಗುವುದಿಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ಸಂಕಜ್ಜಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗಳ ಮನೆಯವಳು. ಅವಳ ಪಾಠ ಮೂರೇ. ಒಂದು, ಕಣ್ಣು ಮುಚ್ಚಿ ಮಣ್ಣನ್ನು ಅಂಗೈಯಲ್ಲಿ ಹೊಸೆದು ಅದು ಯಾವ ಮಣ್ಣು ಅಂತ ಹೇಳುವುದು. ಎರಡು, ಒಂದು ಚೊಂಬು ನೀರು ಚೆಲ್ಲಿ ಅದರ ಹಿಂದೆ ಬರಿಗಾಲಲ್ಲಿ ನಡೆಯುವುದು. "ಕಣ್ಣು ಸುಳ್ಳು ಹೇಳ್ತದೆ ಕಣ್ರಪ್ಪ, ನೀರು ಹೇಳಾಕಿಲ್ಲ" ಅನ್ನುತ್ತಿದ್ದಳು.

ಮೂರನೆಯದು ಊಟದ ಹೊತ್ತಿನ ಪಾಠ. ಮಕ್ಕಳು ಪಂಕ್ತಿಯಲ್ಲಿ ಕೂತರೆ ಅಜ್ಜಿ ಮಜ್ಜಿಗೆಯನ್ನು ಸಾಲಿನ ಕೊನೆಯಿಂದ ಬಡಿಸುತ್ತಿದ್ದಳು. ಓಡಿ ಬಂದು ಮೊದಲ ಜಾಗ ಹಿಡಿದವರು ಬಾಯಿ ಒಣಗಿಸಿಕೊಂಡು ಕಾಯಬೇಕು. ಅರಸುಮಗಳು ಮಾಳಲೆ ಚಿಕ್ಕವಳಿದ್ದಾಗ ಇದಕ್ಕೆ ತುಂಬ ಮುನಿಸಿಕೊಂಡಿದ್ದಳು.

"ನಾನು ಮೊದಲು ಬಂದೆ ಅಜ್ಜಿ, ನನಗ್ಯಾಕೆ ಕೊನೆಗೆ?"

"ತೂಬಿನ ಪಕ್ಕದ ಗದ್ದೆಗೆ ನೀರು ತಾನಾಗೇ ಹೋಯ್ತದೆ ಕಣವ್ವ. ಕಡೇಗದ್ದೆಗೆ ನಾವು ಕೊಟ್ರೇನೇ ಉಂಟು. ಅದ್ಕೇ ವರ್ಷದ ಮೊದಲ ನೀರು ಕಡೇಗದ್ದೆಗೆ. ಕೂತ್ಕೋ, ಮಜ್ಜಿಗೆ ಎಲ್ಲೂ ಓಡೋಗಲ್ಲ."

ಮಾಳಲೆ ಕೂತಳು. ಆಮೇಲಿನ ವರ್ಷಗಳಲ್ಲಿ ತಾನಾಗಿಯೇ ಸಾಲಿನ ತುದಿಗೆ ಹೋಗಿ ಮಜ್ಜಿಗೆ ಬಡಿಸಲು ನಿಲ್ಲುತ್ತಿದ್ದಳು. ಅಜ್ಜಿಗೆ ಅವಳೆಂದರೆ ಪ್ರಾಣ, ಅವಳಿಗೂ ಅಷ್ಟೇ.

ಹೀಗಿರುವಾಗ ಒಂದು ಹೂಳುವಾರದಲ್ಲಿ ನೆರೆರಾಜ್ಯದ ಬೀಗರು ಬಂದರು. ಅರಸುಮಗಳು ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದನ್ನು ಕಂಡು ಮೂಗು ಮುರಿದರು. ದೊರೆ ಬೊಮ್ಮರಸನಿಗೆ ಅವಮಾನವಾಯಿತು. ಕೈ ಕೆಸರಾದರೆ ಬಾಯಿ ಮೊಸರು ಅಂತ ಸಿಂಹಾಸನದ ಮೇಲೆ ಕೂತು ಹೇಳುತ್ತಿದ್ದವನು, ಬೀಗರೆದುರು ಮಾತ್ರ ಮಗಳ ಕೈಗೆ ಸೆರಗು ಮುಚ್ಚಿದ.

ಇಂಥ ಸಮಯ ಕಾಯುತ್ತಿದ್ದವನೇ ಮಾಂತ್ರಿಕ ಹೊಳಪಯ್ಯ. ಬೆಟ್ಟದ ತುದಿಯಲ್ಲಿ ಗಾಜಿನ ಕೋಟೆ ಕಟ್ಟಿಕೊಂಡಿದ್ದ. ಹಲ್ಲು ಕೂಡ ಹೊಳೆಯುತ್ತಿತ್ತು ಅವನದು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ದೊರೆಗೆ ಹೇಳುವವರು ಯಾರು?

"ಪ್ರಭು, ಕೆರೆಯ ತಳಕ್ಕೆ ಗಾಜು ಹಾಸಿಕೊಡುತ್ತೇನೆ" ಅಂದ ಹೊಳಪಯ್ಯ. "ಹೂಳಿಲ್ಲ, ಕೆಸರಿಲ್ಲ. ನೀರು ಕನ್ನಡಿಯ ಹಾಗೆ ನಿಲ್ಲುತ್ತದೆ. ನನಗೆ ಬೇರೇನೂ ಬೇಡ. ಹೂಳಿಲ್ಲದ ಮೇಲೆ ಹೂಳಿನ ಪಾಠ ಹೇಳುವವರು ನಿಮಗೆ ಬೇಕಿಲ್ಲ. ಅವರನ್ನು ನನಗೆ ಬಿಟ್ಟರೆ ಸಾಕು."

ದೊರೆ ಹೂಂ ಅಂದುಬಿಟ್ಟ. ಊರವರೂ ಸುಮ್ಮನಿದ್ದರು. ಒಂದು ವಾರದ ಬೆವರು ಉಳಿಯುತ್ತದಲ್ಲ ಅಂತ ಒಳಗೊಳಗೇ ಖುಷಿ.

ಮರುದಿನ ಕೆರೆಯ ತಳ ಥಳಥಳ ಹೊಳೆಯಿತು. ತೂಬಿನ ಕಲ್ಲಿನ ಮೇಲೆ ಸಂಕಜ್ಜಿ ಕೂತಿದ್ದಳು, ಸುಡದ ಹಸಿಮಣ್ಣಿನ ಗೊಂಬೆಯಾಗಿ. ಊರ ಮೇಲೆ ಬೀಳುವ ಮೊದಲ ಮಳೆಗೆ ಕರಗಿಹೋಗುತ್ತಾಳೆ ಅಂತ ಹೊಳಪಯ್ಯನೇ ಡಂಗುರ ಹೊಡೆಸಿದ. ಮಾಳಲೆ ಗೊಂಬೆಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಆ ವರ್ಷದ ಮಳೆ ಊರ ಮೇಲೆ ಸುರಿಯಲಿಲ್ಲ, ಬೆಟ್ಟದಲ್ಲೇ ಬಿದ್ದು ಹಳ್ಳದಲ್ಲಿ ಹರಿದುಬಂತು. ಕೆರೆ ತುಂಬಿತು. ಜನ ನೀರಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಿದರು.

ಆದರೆ ಗಾಜಿನ ಮೇಲೆ ನಿಂತ ನೀರು ನೆಲದೊಳಕ್ಕೆ ಇಳಿಯುವುದುಂಟೇ? ಮೊದಲು ಕಡೇಗದ್ದೆಯ ಬಾವಿ ಬತ್ತಿತು, ಆಮೇಲೆ ಪಕ್ಕದ್ದು, ಆಮೇಲೆ ಅರಮನೆಯದು. ಕೆರೆಯ ನೀರು ಬೇರೆ, ಬಾವಿಯ ನೀರು ಬೇರೆ ಅಂದುಕೊಂಡಿದ್ದ ದೊರೆ ಕಂಗಾಲಾದ. ಬೇಸಿಗೆಗೆ ಕೆರೆಯ ನೀರೂ ಬಿಸಿಲಿಗೆ ಆವಿಯಾಯಿತು. ಹೂಳು ಕಾಣದ ಗದ್ದೆಗಳು ಬಿಳಿಚಿಕೊಂಡವು. ಊರೆಲ್ಲ ಮಳೆ ಬರಲಿ ಅಂತ ಹರಕೆ ಹೊತ್ತಿತು. ಮಳೆ ಬರಬಾರದು ಅಂತ ಬೇಡಿಕೊಂಡವಳು ಮಾಳಲೆ ಒಬ್ಬಳೇ, ಹಾಗೆ ಬೇಡಿದ್ದಕ್ಕೆ ನಾಚಿಕೊಂಡವಳೂ ಅವಳೇ. ಅಜ್ಜಿಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿದಳು. ಹೊಳಪಯ್ಯನ ಮಂತ್ರಕ್ಕೆ ಸಂಜೆಯೊಳಗೆ ಗರಿಗಳೆಲ್ಲ ಮರಳಾಗಿ ಉದುರಿದವು.

ಬೆಟ್ಟದ ಹಿಂದೆ ಮೋಡ ಕಟ್ಟಿದ ದಿನ ಮಾಳಲೆ ಒಂದು ಚೊಂಬು ನೀರು ಹಿಡಿದು ಹೊಳಪಯ್ಯನ ಕೋಟೆಗೆ ಹೊರಟಳು.

ಹೊರಬಾಗಿಲಲ್ಲಿ ಕುರುಡು ಹಂದಿಯೊಂದು ಅಡ್ಡ ಮಲಗಿತ್ತು. ಆನೆಯಷ್ಟು ದೊಡ್ಡದು.

"ಕಣ್ಣಿಗೆ ಬಟ್ಟೆ ಕಟ್ಟಿಕೋ" ಅಂತು ಹಂದಿ. "ಮೂರು ಹಿಡಿ ಮಣ್ಣು ಕೊಡುತ್ತೇನೆ. ಯಾವುದು ಏನು ಅಂತ ಹೇಳಿದರೆ ದಾರಿ. ತಪ್ಪಿದರೆ ನೀನು ನನ್ನ ಊಟ."

ಮಾಳಲೆ ಮಣ್ಣಿಗೆ ಒಂದಿಷ್ಟು ನೀರು ಹನಿಸಿ ಅಂಗೈಯಲ್ಲಿ ಹೊಸೆದಳು. ಮೊದಲನೆಯದು ಉಂಡೆಯನ್ನೇ ಕಟ್ಟಲಿಲ್ಲ, ಬೆರಳ ಸಂದಿಯಲ್ಲಿ ಜಾರಿತು. "ಇದು ಹಳ್ಳದ ದಂಡೆಯ ಮರಳುಮಣ್ಣು." ಎರಡನೆಯದು ಬತ್ತಿಯಾಯಿತು, ಬಗ್ಗಿಸಿದರೆ ಮುರಿಯಿತು. "ಇದು ಮೇಲಿನ ಹೊಲದ ಕೆಂಪುಮಣ್ಣು." ಮೂರನೆಯದು ಬಳೆಯ ಹಾಗೆ ಬಗ್ಗಿತು, ಬಿರುಕೇ ಬಿಡಲಿಲ್ಲ. ಮಾಳಲೆ ಅದನ್ನು ಮೂಗಿಗೆ ಹಿಡಿದಳು. "ಇದು ನಮ್ಮ ಕೆರೆಯ ಹೂಳು. ಹಳೆಯದು."

"ಹೌದು, ಅಮ್ಮಣ್ಣಿ" ಅಂತು ಹಂದಿ. "ಬಚ್ಚಿಟ್ಟುಕೊಂಡಿದ್ದೆ. ಇಲ್ಲಿ ಗಾಜು ಮೂಸಿ ಮೂಸಿ ನನ್ನ ಮೂಗೇ ಸತ್ತುಹೋಯಿತು. ಹೋಗು."

ಒಳಗೊಂದು ಅಂಗಳ. ನೆಲ, ಗೋಡೆ, ಎಲ್ಲ ಕನ್ನಡಿ. ಎಲ್ಲಿ ನೋಡಿದರೂ ಮಾಳಲೆಯೇ ಕಾಣುತ್ತಾಳೆ, ಬಾಗಿಲು ಕಾಣುವುದಿಲ್ಲ. ನಡುವೆ ಒಂಟಿ ಕಾಲಲ್ಲಿ ಗಾಜಿನ ಕೊಕ್ಕರೆ.

"ಬಾಗಿಲು ಹುಡುಕು" ಅಂತು ಕೊಕ್ಕರೆ. "ಹುಡುಕುವವರನ್ನು ನೋಡುತ್ತ ನಿಲ್ಲುವುದೇ ನನ್ನ ಕೆಲಸ. ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲ."

ಮಾಳಲೆ ಚಪ್ಪಲಿ ಬಿಟ್ಟಳು. ಚೊಂಬಿನಲ್ಲಿ ಉಳಿದಿದ್ದ ನೀರನ್ನು ನೆಲಕ್ಕೆ ಚೆಲ್ಲಿದಳು. ಕಣ್ಣಿಗೆ ನೆಲ ಸಮವಾಗಿಯೇ ಇತ್ತು. ನೀರು ಮಾತ್ರ ಒಂದು ಕ್ಷಣ ಯೋಚಿಸಿ, ಎಡಕ್ಕೆ ಹೊರಳಿ, ಗೋಡೆಯ ಬುಡದ ಕೂದಲೆಳೆಯಂಥ ಸಂದಿಗೆ ನುಗ್ಗಿತು. ಅವಳು ಅದರ ಹಿಂದೆಯೇ ನಡೆದು ಆ ಗೋಡೆ ತಳ್ಳಿದಳು. ಬಾಗಿಲು ತೆರೆಯಿತು. ಕೊಕ್ಕರೆ ಆಶ್ಚರ್ಯಕ್ಕೆ ಇನ್ನೊಂದು ಕಾಲನ್ನೂ ಇಳಿಸಿತು.

ಒಳಗೆ ಹೊಳಪಯ್ಯ ಕೂತಿದ್ದ. ಎಷ್ಟು ಕೆಟ್ಟವನಾದರೂ ಎರಡು ಬಾಗಿಲು ದಾಟಿದವರಿಗೆ ಮೂರನೆಯ ಪರೀಕ್ಷೆಯನ್ನೂ ಕೊಡಲೇಬೇಕು, ಅದು ಮಾಂತ್ರಿಕರ ಕಟ್ಟಳೆ. ಹಲ್ಲು ಕಚ್ಚಿಕೊಂಡು ಒಂದು ತಂಬಿಗೆ ನೀರು ಕೊಟ್ಟ.

"ಈ ನೀರು ಎಲ್ಲಿ ಮೊದಲು ಬೀಳಬೇಕೋ ಅಲ್ಲಿ ಬಿದ್ದರೆ ನನ್ನ ಮಂತ್ರವೆಲ್ಲ ಮುರಿಯುತ್ತದೆ. ಬೇರೆಲ್ಲಿ ಬಿದ್ದರೂ ನೀನೂ ಒಂದು ಮಣ್ಣಿನ ಗೊಂಬೆ. ಆ ಜಾಗಕ್ಕೆ ಮಳೆಹನಿ ಮುಟ್ಟುವ ಮೊದಲು ಇದು ಮುಟ್ಟಬೇಕು." ಹೊರಗೆ ಗುಡುಗಿತು. ಹೊಳಪಯ್ಯ ನಕ್ಕ. "ಓಡು. ನಿನ್ನಜ್ಜಿ ಕಾಯುತ್ತಿದ್ದಾಳೆ."

ಮಾಳಲೆ ಓಡಿದಳು. ಬೆನ್ನ ಹಿಂದೆಯೇ ಮಳೆ ಬೆಟ್ಟ ಇಳಿಯುತ್ತಿತ್ತು. ಅವಳು ತೂಬಿನ ಹತ್ತಿರ ಬಂದಾಗ ಊರೇ ಅಲ್ಲಿ ನೆರೆದಿತ್ತು. ಏದುಸಿರಲ್ಲೇ ಹೊಳಪಯ್ಯನ ಮಾತು ಹೇಳಿದಳು. ಅಜ್ಜಿಯ ಹಣೆಯ ಮೇಲೆ ಮೊದಲ ಹನಿ ಬಿದ್ದು, ಕೆಂಪಗೆ ಕೆನ್ನೆಗೆ ಇಳಿಯಿತು.

"ಅಜ್ಜಿ ಮೇಲೆ ಹುಯ್ಯವ್ವ" ಅಂದರು ಜನ.

"ತಡ ಮಾಡಬೇಡ, ಮಗಳೇ" ಅಂದ ದೊರೆ.

ಮಾಳಲೆ ತಂಬಿಗೆ ಎತ್ತಿದಳು. ಅವಳಿಗೂ ಅದೇ ಆಸೆ. ಜೀವ ಕೊಟ್ಟಾದರೂ ಅಲ್ಲೇ ಸುರಿಯಬೇಕು ಅನ್ನುವಷ್ಟು ಆಸೆ. ಆದರೆ ಅಜ್ಜಿ ಕೂತಿದ್ದು ಎಲ್ಲಿ? ತೂಬಿನ ಮೇಲೆ, ಸಾಲಿನ ತಲೆಯಲ್ಲಿ. ಸಾಲಿನ ತಲೆಯಲ್ಲಿ ಕೂತವರಿಗೆ ಮೊದಲು ಬಡಿಸಿದ್ದನ್ನು ಮಾಳಲೆ ಯಾವತ್ತೂ ಕಂಡಿರಲಿಲ್ಲ.

ಅವಳು ಕಡೇಗದ್ದೆಯತ್ತ ನೋಡಿದಳು. ಅಲ್ಲಿ ಇನ್ನೂ ಬಿಸಿಲಿತ್ತು. ಗದ್ದೆಯ ಬದುಗಳ ಮೇಲೆ ತಂಬಿಗೆ ಹಿಡಿದು ಓಡಿದರೆ ನೀರು ತುಳುಕುತ್ತದೆ, ಮೆಲ್ಲಗೆ ನಡೆದರೆ ಮಳೆಯೇ ಮುಂದೆ ಹೋಗುತ್ತದೆ. ಒಬ್ಬರ ಕಾಲಿಗೆ ಆಗುವ ಕೆಲಸ ಅದಲ್ಲ. ಆಗ ಅವಳು ಗಂಟಲು ಹರಿಯುವ ಹಾಗೆ ಕೂಗಿದಳು:

"ಬುಟ್ಟಿ ಬಂತು, ಕೈ ಕೊಡಿ!"

ಆ ಕೂಗು ಕೇಳಿ ಎಷ್ಟು ದಿನವಾಗಿತ್ತೋ. ಮಕ್ಕಳು ದೊಡ್ಡವರ ಮುಖ ನೋಡಲಿಲ್ಲ. ಜರಿಲಂಗದವರು, ಹರಕು ಅಂಗಿಯವರು, ಎಲ್ಲರೂ ದುಡುದುಡು ಕಾಲುವೆಗೆ ಇಳಿದು ಅವರವರ ಹಳೆಯ ಜಾಗದಲ್ಲಿ ನಿಂತರು. ಕಾಲುಗಳಿಗೆ ಜಾಗ ನೆನಪಿತ್ತು. ತಂಬಿಗೆ ಕೈಯಿಂದ ಕೈಗೆ ಹೊರಟಿತು, ಹನಿ ತುಳುಕಲಿಲ್ಲ.

ಮಾಳಲೆ ಹೋಗಲಿಲ್ಲ. ಎರಡೂ ಕೈಗಳನ್ನು ಅಜ್ಜಿಯ ತಲೆಯ ಮೇಲೆ ಹಿಡಿದು ನಿಂತಳು. ಮಳೆಗೆ ಬೆರಳಿನ ತಡೆ ಯಾವ ಲೆಕ್ಕ? ಅಜ್ಜಿಯ ಮೂಗು ಕರಗಿತು, ಕಿವಿ ಕರಗಿತು, ಮಜ್ಜಿಗೆ ಬಡಿಸುತ್ತಿದ್ದ ಕೈ ಕರಗಿ ಮಾಳಲೆಯ ಪಾದದ ಮೇಲೆ ಹರಿಯಿತು. ಅವಳು ಅಳುತ್ತಲೇ ಇದ್ದಳು, ತಂಬಿಗೆಯನ್ನು ವಾಪಸು ಕರೆಯಲಿಲ್ಲ.

ಅತ್ತ ಸಾಲು ಕಡೇಗದ್ದೆಯ ಹತ್ತಿರ ಮುಗಿದೇಹೋಯಿತು. ಒಬ್ಬರು ಕಮ್ಮಿ. ಏರಿಯ ಮೇಲಿಂದ ಅದನ್ನು ಕಂಡ ದೊರೆ ಬೊಮ್ಮರಸ ಕಿರೀಟ ಎಸೆದು, ಜೋಡು ಕಳಚಿ, ಮಕ್ಕಳ ಸಾಲಿನ ಪಕ್ಕದಲ್ಲೇ ಓಡಿದ. ಹೊಟ್ಟೆ ಕುಣಿಯಿತು, ಎರಡು ಸಲ ಜಾರಿ ಬಿದ್ದ. ತಂಬಿಗೆಗೂ ಅವನಿಗೂ ಪೈಪೋಟಿ. ಕೊನೆಯಲ್ಲಿ ನಿಂತಿದ್ದ ಪುಟ್ಟ ಹುಡುಗಿ ಕಡೇಗದ್ದೆಯ ಕೆಂಚವ್ವನ ಮಗಳು. ಅವಳು ತಂಬಿಗೆ ಚಾಚಿದಾಗ ದೊರೆ ಎರಡೂ ಕೈ ಒಡ್ಡಿದ.

"ಎಲ್ಲಿ ಹುಯ್ಯಲಿ ತಾಯಿ?"

"ಆ ಬಿರುಕಿಗೆ, ದೊರೆಗಳೇ. ಮೆಲ್ಲಗೆ. ಅದು ಕುಡಿಯೋವಷ್ಟೇ ಹುಯ್ಯಿರಿ."

ದೊರೆ ಮೊಣಕಾಲೂರಿ ಮೆಲ್ಲಗೆ ಹುಯ್ದ. ನೆಲ ಗಟಗಟ ಕುಡಿಯಿತು. ಕೊನೆಯ ಹನಿ ಒಳಗಿಳಿದ ಮೇಲೆಯೇ ಅವನ ಬೆನ್ನಿಗೆ ಮಳೆ ಬಿತ್ತು.

ಆ ನೀರು ನೆಲದೊಳಗೇ ನಡೆದು, ಬಾವಿಯಿಂದ ಬಾವಿಗೆ ದಾಟಿ, ಕೆರೆಯ ಕೆಳಕ್ಕೆ ಬಂದು, ಗಾಜಿಗೆ ಕೆಳಗಿನಿಂದ ಒಂದು ಗುದ್ದು ಕೊಟ್ಟಿತು. ಗಾಜು ಹಪ್ಪಳದ ಹಾಗೆ ಪುಡಿಯಾಗಿ, ಪುಡಿ ಮಂಜಾಗಿ ಹಾರಿಹೋಯಿತು. ಬೆಟ್ಟದ ಕೋಟೆಯೂ ಹಾಗೇ ಹೋಯಿತು. ಕೊಕ್ಕರೆಗೆ ಗರಿ ಬಂದು ಅದು ಕೆರೆಗೆ ಹಾರಿತು, ಹಂದಿ ಕೆಸರು ಹುಡುಕಿಕೊಂಡು ಹೊರಟಿತು. ಹೊಳಪಯ್ಯನ ಮೇಲೆ ಜನ್ಮದಲ್ಲಿ ಮೊದಲ ಬಾರಿಗೆ ಕೆಸರು ಸಿಡಿಯಿತು. ಅವನ ಹೊಳಪೆಲ್ಲ ತೊಳೆದು ಹೋಗಿ, ಹಲ್ಲುಬ್ಬಿನ ಒಬ್ಬ ಬಡಕಲು ಮುದುಕ ಉಳಿದ. ಮುಂದಿನ ಹೂಳುವಾರದಿಂದ ಬುಟ್ಟಿ ಹೆಣೆದು ಕೊಡುತ್ತಿದ್ದನಂತೆ, ಬುಟ್ಟಿ ಪರವಾಗಿಲ್ಲ ಎನ್ನುವ ಹಾಗಿತ್ತಂತೆ.

ತೂಬಿನ ಮೇಲೆ ಮಣ್ಣೆಲ್ಲ ಕರಗಿತ್ತು. ಮಾಳಲೆ ಕಣ್ಣು ತೆರೆಯಲು ಹೆದರಿದಳು. ಅವಳ ಅಂಗೈ ಕೆಳಗೆ ಒದ್ದೆ ಕೂದಲು ಸಿಕ್ಕಿತು. ಮಣ್ಣು ಹೋದ ಮೇಲೆ ಒಳಗೆ ಸಂಕಜ್ಜಿ ಕೂತಿದ್ದಳು, ತೊಯ್ದು ತೊಪ್ಪೆಯಾಗಿ, ಹುಬ್ಬು ಗಂಟಿಕ್ಕಿಕೊಂಡು. ಮಾಳಲೆ ಅವಳನ್ನು ತಬ್ಬಿಕೊಂಡಳು. ಅಜ್ಜಿ ಅವಳ ಭುಜದ ಮೇಲಿಂದ ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡಿದಳು.

"ಕಡೇಗದ್ದೆಗೆ ನೀರು ಹೋಯ್ತೇನವ್ವ?"

"ಹೋಯ್ತು ಅಜ್ಜಿ. ಅದಕ್ಕೇ ಮೊದಲು ಹೋಯ್ತು."

"ಹಂಗಾರೆ ಸರಿ" ಅಂದಳು ಅಜ್ಜಿ. ಆಮೇಲೆ ಅವಳೂ ಅತ್ತಳು.

ಅಂದು ಏರಿಯ ಮೇಲೆ ಊರೆಲ್ಲ ಪಂಕ್ತಿಯಲ್ಲಿ ಕೂತಿತು. ದೊರೆ ಅಭ್ಯಾಸಬಲದಿಂದ ಮೊದಲ ಜಾಗದಲ್ಲಿ ಕೂತುಬಿಟ್ಟ. ಮಾಳಲೆ ಮಜ್ಜಿಗೆಯ ಪಾತ್ರೆ ಹಿಡಿದು ಸಾಲಿನ ತುದಿಗೆ ನಡೆದಳು, ದೊರೆ ಬಾಯಿ ಒಣಗಿಸಿಕೊಂಡು ಕಾದ, ಅವನ ಸರದಿ ಬರುವಷ್ಟರಲ್ಲಿ ಪಾತ್ರೆಯಲ್ಲಿ ಒಂದೇ ಲೋಟ ಉಳಿದಿತ್ತು. ಅಷ್ಟು ರುಚಿಯಾದ ಮಜ್ಜಿಗೆಯನ್ನು ಅರಮನೆಯಲ್ಲಿ ಎಂದೂ ಕುಡಿದಿರಲಿಲ್ಲ ಅಂತ ಅವನು ಸಾಯುವ ತನಕ ಹೇಳುತ್ತಿದ್ದ.

ಕೆರೆ ತುಂಬಿತು, ಕೋಡಿ ಹರಿಯಿತು, ಮರಡಿಪುರದವರು ಸುಖವಾಗಿದ್ದರು. ಕತೆ ಸಾಲಿನ ತಲೆಯಿಂದ ಹೊರಟು ಇಲ್ಲಿಗೆ ಬಂತು. ತುದಿಯಲ್ಲಿ ಕೂತ ಪುಟ್ಟವರೇ, ಮೊದಲ ಲೋಟ ನಿಮ್ಮದು.