ಒಂದು ಬಿಟ್ಟು ಒಂದು

"ಲೀಲಕ್ಕ, ಇವತ್ತು ಸಂಜೆ ನನ್ನ ಕೆಲಸ ಹೋಗುತ್ತೆ," ಎಂದು ಧಾರಿಣಿ ಬಾಗಿಲಲ್ಲೇ ನಿಂತು ಹೇಳಿದಳು.

ಮುನಿರ್ಕಾ ಬಡಾವಣೆಯ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಅವಳ ಆಫೀಸಿತ್ತು. ಕರ್ನಾಟಕದಿಂದ ದೆಹಲಿಯ ಆಸ್ಪತ್ರೆಗಳಿಗೆ ಬಂದವರಿಗೆ ರಕ್ತದಾನಿಗಳನ್ನು ಹುಡುಕಿಕೊಡುವ ವೆಬ್‌ಸೈಟು ಅವರದು. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಗಣಿತ ಕಲಿಸುವ ಲೀಲಕ್ಕನ ಜೊತೆಗಿದ್ದೆ. ಕಟ್ಟಡದಲ್ಲಿ ಏನು ಕಳೆದರೂ ಜನ ಬರುತ್ತಿದ್ದುದು ಅಕ್ಕನ ಬಳಿಗೇ.

ಈ ಸಲ ಕಳೆದದ್ದು ರೋಗಿಗಳ ಕೋರಿಕೆಗಳು. ವೆಬ್‌ಸೈಟಿನಲ್ಲಿ ಬರೆದ ಕೋರಿಕೆ ಒಂದು ಕ್ಯೂನಲ್ಲಿ ನಿಲ್ಲುತ್ತಿತ್ತು. ಧಾರಿಣಿ ಬರೆದ, ಲಿಸನರ್ ಎಂಬ ಕೋಡು ಅದನ್ನು ಎತ್ತಿಕೊಂಡು ದಾನಿಗಳಿಗೆ ತಿಳಿಸುತ್ತಿತ್ತು. ಒಂದು ವಾರದಿಂದ ಒಂದು ಬಿಟ್ಟು ಒಂದು ಕೋರಿಕೆ ಮಾಯ. ತಪ್ಪು ಅವಳ ಕೋಡಿನದೇ ಎಂದು ಯಜಮಾನ ಸಂಜೆಯವರೆಗೆ ಗಡುವು ಕೊಟ್ಟಿದ್ದ. ಬೆಳಿಗ್ಗೆ ತಾಯಿಯೊಬ್ಬಳು ಧಾರಿಣಿಗೆ ಫೋನು ಮಾಡಿ, "ರಾಯಚೂರಿನವಳು ನಾನು, ಮಗನಿಗೆ ರಕ್ತ ಕೇಳಿದ್ದೆ, ಯಾರೂ ಬರಲಿಲ್ಲ," ಎಂದಷ್ಟೇ ಹೇಳಿ ಅಳುತ್ತಾ ಫೋನಿಟ್ಟಳಂತೆ. ಆಮೇಲೆ ಅವಳ ಫೋನು ಸ್ವಿಚ್ ಆಫ್.

ಹಿಂದೆಯೇ ಅನೀಶ್ ಬಂದ. ಧಾರಿಣಿಯ ಕಾಲೇಜಿನ ಗೆಳೆಯ, ಅದೇ ಆಫೀಸಿನವನು. ಊರಿಂದ ಬಂದಾಗಲೆಲ್ಲ ನನಗೂ ಕೋಡುಬಳೆ ತರುತ್ತಿದ್ದ.

"ಬೇಜಾರಾಗ್ಬೇಡ ಕಣೇ. ಬಿ ನೆಗೆಟಿವ್ ಹೇಗಿದ್ರೂ ಬೇಗ ಸಿಗಲ್ಲ," ಎಂದು ಅವಳ ಭುಜ ತಟ್ಟಿ ಸಮಾಧಾನ ಹೇಳಿ ಅವಳನ್ನು ಕರೆದುಕೊಂಡು ಹೋದ.

"ಬಾರೇ, ಗೋಲ್‌ಗಪ್ಪ ತಿನ್ನೋಣ," ಎಂದಳು ಅಕ್ಕ. ಏನಾದರೂ ತಲೆ ಕೊರೆಯುತ್ತಿದ್ದರೆ ಅವಳಿಗೆ ಹುಳಿನೀರು ಬೇಕು.

ಬೀದಿಯ ಗಾಡಿಯ ಭಯ್ಯಾ ನೀರು ತುಂಬಿದ ಪೂರಿಗಳನ್ನು ಅಕ್ಕನ ದೊನ್ನೆಗೊಂದು, ನನ್ನ ದೊನ್ನೆಗೊಂದು ಹಾಕುತ್ತಾ ಹೋದ. ಅಕ್ಕ ತಿನ್ನುವುದನ್ನು ಮರೆತು ಅವನ ಕೈಯನ್ನೇ ನೋಡಿದಳು. ಆಮೇಲೆ ಧಾರಿಣಿಗೆ ಫೋನು ಮಾಡಿದಳು. "ಯಾರಿಗೂ ಹೇಳದೆ ನಿನ್ನ ಲಿಸನರ್ ನಿಲ್ಲಿಸು. ಒಂದಷ್ಟು ಸುಳ್ಳು ಕೋರಿಕೆ ಹಾಕು. ಕ್ಯೂ ಎಷ್ಟು ಬೆಳೀತು ಹೇಳು."

"ಬೆಳೀಲೇ ಇಲ್ಲ ಅಕ್ಕ. ಖಾಲಿ ಇದೆ."

ಸ್ವಲ್ಪ ಹೊತ್ತಿಗೆಲ್ಲ ನಾವು ಮೇಲಿನ ಮಹಡಿಯಲ್ಲಿದ್ದೆವು. ಆಫೀಸಿನ ಯಜಮಾನ ಚಂದನ್, ಧಾರಿಣಿ, ಅನೀಶ್ ಮೂವರೂ ಇದ್ದರು.

"ಧಾರಿಣಿಯ ಲಿಸನರ್ ನಿಲ್ಲಿಸಿ ನೋಡಿದ್ವಿ," ಎಂದಳು ಅಕ್ಕ. "ಎತ್ತಿಕೊಳ್ಳೋರು ಇಲ್ಲದಿದ್ರೆ ಕ್ಯೂ ಬೆಳೀಬೇಕು, ಚಂದನ್. ಬೆಳೀಲಿಲ್ಲ. ಅಂದ್ರೆ ಇನ್ನೊಂದು ಲಿಸನರ್ ಅಲ್ಲಿ ನಿಂತಿದೆ. ಇಬ್ಬರು ನಿಂತ್ರೆ ಗೋಲ್‌ಗಪ್ಪದ ಭಯ್ಯಾ ಏನು ಮಾಡ್ತಾನೆ? ಇವಳಿಗೊಂದು, ನನಗೊಂದು. ಅದಕ್ಕೇ ಒಂದು ಬಿಟ್ಟು ಒಂದು."

"ಯಾರದ್ದು ಅದು?" ಎಂದ ಚಂದನ್.

"ಆ ತಾಯಿ ರಕ್ತದ ಗುಂಪು ಹೇಳಲಿಲ್ಲ. ಕೋರಿಕೆ ಧಾರಿಣಿಗೆ ತಲುಪಲೂ ಇಲ್ಲ. ಬಿ ನೆಗೆಟಿವ್ ಅಂತ ಅನೀಶ್‌ಗೆ ಹೇಗೆ ಗೊತ್ತಾಯ್ತು? ಇವಳೂ ಕೇಳಿಸ್ಕೊಂಡಿದ್ದಾಳೆ."

ಎಲ್ಲರೂ ನನ್ನತ್ತ ನೋಡಿದರು. ನಾನು ನೆಲ ನೋಡುತ್ತಾ ಹೌದೆಂದು ತಲೆಯಾಡಿಸಿದೆ.

ಅನೀಶ್ ತನ್ನ ಲ್ಯಾಪ್‌ಟಾಪ್ ಬಿಟ್ಟು ಧಾರಿಣಿಯತ್ತ ತಿರುಗಿದ. "ಗುರುಗ್ರಾಮದಲ್ಲಿ ಒಂದು ಕಂಪನಿ ಇಂಥದ್ದೇ ಶುರುಮಾಡ್ತಿದೆ. ಎಂಥ ಕೋರಿಕೆ ಬರುತ್ತೆ ತೋರಿಸು, ದೊಡ್ಡ ಕೆಲಸ ಕೊಡ್ತೀವಿ ಅಂದ್ರು. ನಾನೂ ಒಂದು ಲಿಸನರ್ ಇಟ್ಟು ಬರೀ ಕೇಳಿಸ್ಕೊಂಡೆ, ಧಾರಿಣಿ. ನಿನಗೂ ಬರ್ತಿದೆ ಅಂದ್ಕೊಂಡಿದ್ದೆ."

"ಲಿಸನರ್ ಅನ್ನೋ ಹೆಸರು ನೋಡಿ ನೀನು ಮೋಸಹೋದೆ," ಎಂದಳು ಅಕ್ಕ. "ಕ್ಯೂನಲ್ಲಿ ಕೇಳಿಸ್ಕೊಳ್ಳೋದು ಅಂದ್ರೆ ಎತ್ಕೊಳ್ಳೋದು."

"ಬೆಳಿಗ್ಗೆ ಗೊತ್ತಾಯ್ತಲ್ಲ?" ಧಾರಿಣಿಯ ದನಿ ಏರಲಿಲ್ಲ. "ಆ ತಾಯಿ ಫೋನ್ ಮಾಡಿದ್ಮೇಲೆ? ನನ್ನ ಭುಜ ತಟ್ಟುವಾಗ?"

ಚಂದನ್ ಅನೀಶ್‌ನ ಲ್ಯಾಪ್‌ಟಾಪನ್ನು ಅವಳತ್ತ ತಳ್ಳಿದ. ಅವಳು ರಾಯಚೂರಿನ ಹುಡುಗನ ಕೋರಿಕೆ ಹುಡುಕಿ ದಾನಿಗಳಿಗೆ ಕಳಿಸಿದಳು. ಅನೀಶ್ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ.

ಸ್ವಲ್ಪ ಹೊತ್ತಿನಲ್ಲೇ ಧಾರಿಣಿಯ ಫೋನು ಟಿಂಗೆಂದಿತು. ಮುನಿರ್ಕಾದ ಒಬ್ಬ ವಿದ್ಯಾರ್ಥಿ ರಕ್ತ ಕೊಡಲು ಒಪ್ಪಿದ್ದ.

ಧಾರಿಣಿ ಪಕ್ಕದ ಕುರ್ಚಿಯತ್ತ ತಿರುಗಿದಳು. "ಅನೀಶ್, ಸಿಕ್ತು ನೋ..." ಎಂದವಳು ಬಾಯಿ ಮುಚ್ಚಿಕೊಂಡಳು.