ಗಡುವು ಮುಗಿದ ಮೇಲಿನ ಆಕಾಶ

"ಪಲ್ವಶಾ, ಒಂದೇ ಒಂದು ಮಾತು. ಇಲ್ಲಿ ಮೋಡ..."

"ಮೋಡಾನೂ ಬೇಡ, ಚಂದ್ರನೂ ಬೇಡ, ಮೇಜರ್ ಸಾಹೇಬ್ರೇ! ಇದು ಸರ್ಕಾರಿ ಫೋನು."

ಪಲ್ವಶಾ ಮೂರನೇ ಸಲ ಫೋನ್ ಕುಕ್ಕಿದಳು. ಶಹಮೀರ್‌ನ ಪ್ರೇಮದ ಮಾತೆಲ್ಲ ಹವಾಮಾನದಿಂದಲೇ ಶುರು, ಅವಳಿಗದು ಬಾಯಿಪಾಠ. ಮದುವೆ ಗೊತ್ತಾದ ಮೇಲೂ ಅವಳನ್ನೊಂದು ಮಾತು ಕೇಳದೆ ಕಡಲತೀರದ ಕ್ಷಿಪಣಿ ನೆಲೆಯ ಕೆಲಸವನ್ನೇ ಮತ್ತೆ ಒಪ್ಪಿಕೊಂಡು ಕೂತಿದ್ದ ಪುಣ್ಯಾತ್ಮ. ಸ್ವಲ್ಪ ನರಳಲಿ ಬಿಡು ಎಂದುಕೊಂಡಳು.

ಇಸ್ಲಾಮಾಬಾದಿನ ಆ ಕಚೇರಿಯಲ್ಲಿ ಅವಳೊಬ್ಬಳೇ ಇದ್ದಳು. ಶುಕ್ರವಾರದ ನಮಾಜಿಗೆ ಹೋದವರು ಅಲ್ಲಿಂದಲೇ ಮನೆ ಸೇರಿದ್ದರು. ತಮ್ಮವರು ಕ್ಷಿಪಣಿ ಪರೀಕ್ಷಿಸುವ ಮುಂಚೆ ದೆಹಲಿಗೆ ತಿಳಿಸುವುದು ಅವಳ ಕೆಲಸ. ದೆಹಲಿಯವರೂ ಹಾಗೆಯೇ ತಿಳಿಸುತ್ತಾರೆ. ಹೇಳದೆ ಏನಾದರೂ ಹಾರಿತೋ, ಆಚೆಯವರು ಅದನ್ನು ಪರೀಕ್ಷೆ ಅಂದುಕೊಳ್ಳುವುದಿಲ್ಲ. ಗಡಿಯಲ್ಲಿ ಗುಂಡಿನ ಸದ್ದು ಕೇಳುತ್ತಿದ್ದ ಈ ವಾರವಂತೂ ಇಲ್ಲವೇ ಇಲ್ಲ.

ಈ ಸಲ ದೆಹಲಿಗೆ ತಿಳಿಸಿದ್ದ ಪರೀಕ್ಷೆಯ ಗಡುವು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಐದು ದಾಟಿದ ಸ್ವಲ್ಪ ಹೊತ್ತಿಗೆ ದೆಹಲಿಯ ಫೋನ್ ಹೊಡೆದುಕೊಂಡಿತು. ಆ ಕಡೆ ಎಂದಿನಂತೆ, ಅಲ್ಲಿ ಇದೇ ಕೆಲಸ ನೋಡಿಕೊಳ್ಳುವ ಸುಮೇಧಾ.

"ಪಲ್ವಶಾ ಜೀ, ನಿಮ್ಮ ಗಡುವು ಮುಗೀತು. ನಮಗೇನೂ ಕಾಣ್ಲಿಲ್ಲ. ಇನ್ನು ಮೇಲೆ ಏನಾದ್ರೂ ಹಾರುತ್ತಾ? ಇಲ್ಲಿ ಎಲ್ಲರೂ ತುದಿಗಾಲಲ್ಲಿ ನಿಂತಿದ್ದಾರೆ."

ಪಲ್ವಶಾಳಿಗೆ ಆಗ ಹೊಳೆಯಿತು. ಮೋಡ! ಮೋಡ ಕವಿದು ಪರೀಕ್ಷೆ ತಡವಾಗಿದೆ. ಅದನ್ನೇ ಹೇಳಲು ಅವನು ಮೂರು ಸಲ ಬಡಿದುಕೊಂಡಿದ್ದ.

"ಕೇಳಿ ಹೇಳ್ತೀನಿ ದೀದಿ. ದಯವಿಟ್ಟು ಕಾಯಿರಿ."

"ಬೇಗ ಹೇಳು ತಾಯಿ. ಇವರನ್ನ ನನ್ನ ಕೈಲಿ ಎಷ್ಟೊತ್ತು ಹಿಡಿದಿಡೋಕಾಗುತ್ತೋ ಗೊತ್ತಿಲ್ಲ."

ಕಡಲತೀರದ ಫೋನ್ ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಕಿಟಕಿಯಾಚೆ ಮಾರ್ಗಲ್ಲಾ ಬೆಟ್ಟದ ಮೇಲೆ ಬಿಸಿಲು ಹಳದಿಯಾಗಿತ್ತು. ಅಮ್ಮ ಈಗ ಟೆರೇಸಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿರುತ್ತಾಳೆ, ಇದೇ ಆಕಾಶದ ಕೆಳಗೆ.

"ಹಲೋ."

"ಶಹಮೀರ್! ಹಾರಿಸಿಬಿಟ್ರಾ?"

"ಇಲ್ಲ." ಅವನ ದನಿ ಒಣಗಿತ್ತು. "ಮೋಡ ಈಗ ಸರೀತು. ಅರ್ಧ ಗಂಟೆ ತಡ ಆದ್ರೆ ಏನು ಮಹಾ ಅಂತ ಬ್ರಿಗೇಡಿಯರ್ ಕೂಗಾಡ್ತಿದ್ದಾರೆ. ದೆಹಲಿಗೆ ಗೊತ್ತಿಲ್ಲದೆ ನಾನು ಸಹಿ ಹಾಕಲ್ಲ ಅಂದೆ. ನನ್ನ ಸಹಿ ಇಲ್ಲದೆ ಅದು ಏಳಲ್ಲ."

"ಹಾಕಬೇಡಿ. ಸತ್ತರೂ ಹಾಕಬೇಡಿ. ಇವತ್ತೇನೂ ಹಾರಲ್ಲ ಅಂತ ಈಗಲೇ ಹೇಳ್ತೀನಿ. ಮಾತು ಕೊಟ್ಟ ಹಾಗೆ."

"ಕೊಡಿ."

ಅವಳು ಕೊಟ್ಟಳು. ದೆಹಲಿಯ ತುದಿಯಲ್ಲಿ ಸುಮೇಧಾ ಬಿಟ್ಟ ನಿಟ್ಟುಸಿರು ಇಲ್ಲಿಯವರೆಗೂ ಕೇಳಿಸಿತು. "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ," ಎಂದಳು ಆಕೆ.

ಪಲ್ವಶಾ ಅಳುತ್ತಲೇ ಮತ್ತೆ ಕಡಲತೀರಕ್ಕೆ ಫೋನ್ ಮಾಡಿದಳು.

"ತಪ್ಪು ನಂದು. ನೀವು ಹೇಳೋಕೆ ಬಂದ್ರಿ, ನಾನು ಕೇಳಲಿಲ್ಲ. ನೀವು ಸಹಿ ಹಾಕಿಬಿಟ್ಟಿದ್ರೆ?"

"ನೀವು ವಾಪಸ್ ಫೋನ್ ಮಾಡೇ ಮಾಡ್ತೀರಿ ಅಂತ ಕಾಯ್ತಿದ್ದೆ," ಎಂದ ಶಹಮೀರ್. ಆಮೇಲೆ ತಗ್ಗಿದ ದನಿಯಲ್ಲಿ, "ಸುಳ್ಳು. ಹೆದರಿ ಬೆವರಿಬಿಟ್ಟಿದ್ದೆ."

ಅಳುವಿನ ನಡುವೆ ಅವಳಿಗೆ ನಗು ಬಂತು.

"ನನ್ನ ಮೇಲೆ ವರದಿ ಕಳಿಸ್ತಾರಂತೆ. ನಾಳೆ ಸಮವಸ್ತ್ರ ಬಿಚ್ಚಿಸಿದ್ರೂ ಬಿಚ್ಚಿಸಿದ್ರೇ. ನಿಮ್ಮ ಅಬ್ಬಾ ಈ ಮದುವೆಗೆ ಹೂಂ ಅಂದಿದ್ದು ನಾನು ಮೇಜರ್ ಅಂತ ತಾನೇ?"

"ಅಬ್ಬಾ ಮೇಜರ್‌ಗೆ ಹೂಂ ಅಂದ್ರು. ನಾನು ಹೂಂ ಅಂದಿದ್ದು ನಿಮಗೆ." ಅವಳು ಕಣ್ಣೊರೆಸಿಕೊಂಡಳು. "ನಂಗಿನ್ನೂ ಭಯ ಹೋಗಿಲ್ಲ ಶಹಮೀರ್. ನಿಮ್ಮನ್ನ ಕಣ್ಣಾರೆ ನೋಡಬೇಕು. ಕೆಲಸ ಹೋದ್ರೆ ಹೋಗಲಿ, ಖಾಲಿ ಕೈಯಲ್ಲೇ ಬನ್ನಿ."